ಮಾನ್ಯ ಸದಸ್ಯರ ಅಕ್ಕ

ಕಲ್ಲುಗುಟ್ಟ, ಚಾಂಪಿಯನ್ ರೀಫ್ಸ್ ಪಕ್ಕ
೫ ನವೆಂಬರ್ ೧೯೩೪

ಲೇ ಚಿಕ್ಕಾ,

ಉಭಯ ಕುಶಲೋಪರಿ ಎಲ್ಲ ನೀನೇ ಬರ್ಕೊ. ಕೌನ್ಸಿಲ್ ಮೆಂಬರು ಆದೋನಿಗೆ ಅವೆಲ್ಲ ಬೇಕಾಗ್ತದೆ, ಎಮ್ಮೆ ಸಾಕೋ ನಂಗ್ಯಾಕೆ. ಬಂಗಾರಪೇಟೆ ಸ್ಟೇಷನ್ನಿಂದ ನಿನ್ ಬೆಲ್ಲದ ಮಂಡಿ ಗಂಟ ಓಲಗ ಊದಿಸ್ಕೊಂಡು, ಎತ್ತಿನ ಗಾಡಿ ಮೇಲೆ ನಿಂತ್ಕೊಂಡು, ಆರ ಆಕಿಸ್ಕೊಂಡು ಬಂದ್ಯಂತೆ. ಬೂದಿಕೋಟೆ ಕೆರೆ ಅಂಗಳದಾಗೆ ಎಮ್ಮೆ ಮೇಲೆ ಕೂರ್ಸಿದ್ರೆ ಕಿರುಚ್ತಿದ್ದೋನು ನೀನು. ಓಡೋ ಗಾಡಿ ಮೇಲೆ ನಿಂತ್ಕೊಂಡ್ನಾ ಅಂತ ನಂಗೆ ನಂಬ್ಕೆನೇ ಬರ್ಲಿಲ್ಲ. ನನ್ ಜತೆ ಆಲು ಮಾರೋ ಮುತ್ಯಾಲಮ್ಮ ಕಣ್ಣಾರೆ ಕಂಡೆ ಅಂತ ಗಂಗಮ್ಮನ ಮೇಲೆ ಆಣೆ ಮಾಡಿದ್ಮೇಲೆ ನಂಬ್ದೆ. ನಂಬಿದ್ಮೇಲೆ ಅತ್ತುಬಿಟ್ಟೆ ಕಣ್ಲಾ. ನಮ್ಮಪ್ಪನ ಮಗ ಮಾರಾಜರ ಸಭೆಯಾಗೆ ಕೂತ್ಕೊಳ್ತಾನೆ ಅಂದ್ರೆ ಸುಮ್ನೆ ಮಾತಾ?

ಈಗ ಕೆಲ್ಸದ ಮಾತು ಕೇಳು. ನಾವು ಊರಿನ ಎಂಗಸ್ರು ದಿನಾ ಬೆಳಿಗ್ಗೆ ಗಣಿ ಕೂಲಿಯೋರ ಲೈನ್ ಮನೆಗಳಿಗೆ ಆಲು ಮೊಸ್ರು ತಗೊಂಡು ಓಗ್ತೀವಲ್ಲ, ಒಳಿಕ್ಕೆ ಓಗೋವಾಗ ಯಾರೂ ಕೇಳಾಕಿಲ್ಲ. ಈಚೆಗೆ ಬರೋವಾಗ ಗೇಟಿನಾಗೆ ತಡೀತಾರೆ. ಚಿನ್ನದ ಕಲ್ಲು ಕದ್ಕೊಂಡು ಬತ್ತೀವಂತೆ. ತಪ್ಪಲೆ ಬೋರ್ಲು ಆಕಿ ತಟ್ಟಿ ನೋಡ್ಲಿ, ಯಾರು ಬ್ಯಾಡ ಅಂದ್ರು. ಆದ್ರೆ ಆ ಜಮಾದಾರ ಅನ್ನೋನು ಎಂಗಸ್ರನ್ನ ಬೀದಿಯಾಗೆ ಸಾಲಾಗಿ ನಿಲ್ಸಿ ಸೊಂಟಕ್ಕೆ, ಸೆರಗಿಗೆ, ತುರುಬಿಗೆ ಕೈ ಆಕ್ತಾನೆ. ಮಗ್ಗುಲಾಗೆ ಗಂಡಸ್ರು ಬೀಡಿ ಸೇದ್ಕೊಂಡು ಕಿಸಿಕಿಸಿ ನಗ್ತಾವ್ರೆ. ಓದ ವಾರ ಮುತ್ಯಾಲಮ್ಮಂಗೆ ನೆರಿಗೆ ಬಿಚ್ಚಿ ಕೊಡವು ಅಂದ. ಅವ್ಳು ಬಿಚ್ಲಿಲ್ಲ. ಅವ್ನೇ ಎಳ್ದ.

ನಿನ್ ಕೌನ್ಸಿಲ್‌ನಾಗೆ ಇದನ್ನ ಕೇಳು. ಗಂಡಸಿನ ಕೈ ಎಂಗಸಿನ ಮೈ ಮೇಲೆ ಬೀಳ್ಬಾರ್ದು. ಅಷ್ಟೇ ನಮ್ಗೆ ಬೇಕಾಗಿರೋದು. ರೋಡು ಬ್ಯಾಡ, ಬಾವಿ ಬ್ಯಾಡ.

ನಿನ್ನ ಅಕ್ಕ
ಅಶ್ವತ್ಥಮ್ಮ

•

ಬೆಂಗಳೂರು
೨೨ ನವೆಂಬರ್ ೧೯೩೪

ಅಕ್ಕಯ್ಯನ ಪಾದಗಳಿಗೆ ಚಿಕ್ಕಮುನಿಯಪ್ಪ ಅಡ್ಡಬಿದ್ದು ಬರೆಯುವುದೇನೆಂದರೆ,

ನೀನು ಬೇಡ ಅಂದರೂ ಕುಶಲ ಕೇಳುತ್ತೇನೆ. ಕಾಲುನೋವು ಹೇಗಿದೆ? ಗಾಡಿಯ ಮೇಲೆ ನಿಂತಿದ್ದು ನಿಜ. ಹಿಂದಿನಿಂದ ಇಬ್ಬರು ನನ್ನ ಪಂಚೆಯ ಅಂಚು ಹಿಡಿದುಕೊಂಡಿದ್ದರು ಎನ್ನುವುದೂ ನಿಜ. ಅದನ್ನು ಮುತ್ಯಾಲಮ್ಮನಿಗೆ ಹೇಳಬೇಡ.

ನಮ್ಮ ಸಭೆಯ ಗತ್ತನ್ನು ನೀನು ನೋಡಬೇಕಿತ್ತು. ಪ್ರಜಾಪ್ರತಿನಿಧಿ ಸಭೆ ಅಂತ ಇನ್ನೊಂದಿದೆಯಲ್ಲ, ಅದು ದೊಡ್ಡದು, ಅಲ್ಲಿ ಸಂತೆಯ ಹಾಗೆ ಜನ. ನಮ್ಮದು ಮೇಲಿನ ಸಭೆ. ಕಬ್ಬನ್ ಪಾರ್ಕಿನ ಕೆಂಪು ಕಚೇರಿಯಲ್ಲಿ ಸೇರುತ್ತೇವೆ. ಜನ ಕಡಿಮೆ, ಅವರಲ್ಲೂ ಅರ್ಧಕ್ಕಿಂತ ಹೆಚ್ಚು ಸರ್ಕಾರವೇ ನೇಮಿಸಿದವರು. ಮೊದಲ ದಿನ ನಾನು ಪಕ್ಕದ ಕುರ್ಚಿಯವರ ಹತ್ತಿರ ಮಾತಾಡಲು ಹೋಗಿ ಬೈಸಿಕೊಂಡೆ. ಏನೇ ಹೇಳುವುದಿದ್ದರೂ ಎದ್ದು ನಿಂತು ಅಧ್ಯಕ್ಷರಿಗೆ ಹೇಳಬೇಕು. ಎದುರಿಗಿರುವವನನ್ನು ಬೈಯಬೇಕಾದರೂ ಅಧ್ಯಕ್ಷರ ಮುಖ ನೋಡಿಕೊಂಡೇ ಬೈಯಬೇಕು. ಸುಳ್ಳ ಅನ್ನುವ ಹಾಗಿಲ್ಲ; ಮಾನ್ಯ ಸದಸ್ಯರಿಗೆ ತಪ್ಪು ತಿಳಿವಳಿಕೆಯಾಗಿದೆ ಅನ್ನಬೇಕು. ಬೈಸಿಕೊಂಡವನು ಎದ್ದು ವಂದನೆ ಹೇಳುತ್ತಾನೆ. ಆಮೇಲೆ ಇಬ್ಬರೂ ಒಟ್ಟಿಗೆ ಹೊರಗೆ ಹೋಗಿ ಕಾಫಿ ಕುಡಿಯುತ್ತಾರೆ.

ಪ್ರಶ್ನೆ ಕೇಳುವುದಕ್ಕೂ ಕ್ರಮ ಉಂಟು. ಮುಂಚೆಯೇ ಬರೆದು ಕಳಿಸಬೇಕು. ಸರ್ಕಾರದ ಕಡೆಯವರು ಉತ್ತರವನ್ನು ಅಚ್ಚು ಹಾಕಿಸಿಕೊಂಡು ಬಂದು ಓದುತ್ತಾರೆ. ಅದು ಸಾಲದಿದ್ದರೆ ಅಲ್ಲೇ ಎದ್ದು ಉಪಪ್ರಶ್ನೆ ಹಾಕಬಹುದು. ನಿನ್ನ ಗೇಟಿನ ವಿಷಯವನ್ನು ಕಳಿಸಿದ್ದೇನೆ. ಒಬ್ಬ ವಕೀಲ ಸದಸ್ಯರು ಇಂಗ್ಲಿಷಿಗೆ ಮಾಡಿಕೊಟ್ಟರು. ಆದರೆ ಹೆಸರು ಬೇಕು ಅನ್ನುತ್ತಾರೆ. ಮುತ್ಯಾಲಮ್ಮ ಒಂದು ಹೇಳಿಕೆಗೆ ಹೆಬ್ಬೆಟ್ಟು ಒತ್ತಿ ಕೊಡುತ್ತಾಳೆಯೇ?

ಇನ್ನೊಂದು ಮಾತು. ಹಾಲು ಮಾರುವುದು ಬಿಟ್ಟು ಬೂದಿಕೋಟೆಗೆ ಬಾ ಅಂತ ಭಾವ ತೀರಿಕೊಂಡ ದಿನದಿಂದ ಹೇಳುತ್ತಿದ್ದೇನೆ. ಗೇಟಿನಲ್ಲಿ ಇಷ್ಟೆಲ್ಲ ಆಗುವಾಗ, ನಿನ್ನ ತನಕ ಬಂದಿಲ್ಲವಲ್ಲ, ಅದು ನಮ್ಮ ಪುಣ್ಯ. ಬಂದಿದ್ದರೆ ನಾನು ಕೌನ್ಸಿಲ್ಲೂ ಇಲ್ಲ ಗಿನ್ಸಿಲ್ಲೂ ಇಲ್ಲ ಅಂತ ಕೊಡಲಿ ಹಿಡಿದು ಬಂದುಬಿಡುತ್ತಿದ್ದೆ.

ಇತಿ ನಿನ್ನ ತಮ್ಮ
ಚಿಕ್ಕಮುನಿಯಪ್ಪ

•

ಕಲ್ಲುಗುಟ್ಟ
೩ ಡಿಸೆಂಬರ್ ೧೯೩೪

ಚಿಕ್ಕಾ,

ಬೈಯಾಕೆ ಅಧ್ಯಕ್ಷರ ಮೊಕ ನೋಡ್ಬೇಕು ಅಂದ್ಯಲ್ಲ, ಓದಿ ಓದಿ ನಕ್ಕೆ. ಅದೊಂದನ್ನ ಮುತ್ಯಾಲಮ್ಮಂಗೂ ಓದಿ ಏಳ್ದೆ. ‘ಅಯ್ಯೋ ನಾ ತಲ್ಲಿ, ಅಂಗಾದ್ರೆ ನಮ್ಮತ್ತೆ ಜತೆ ಜಗಳ ಆಡೋವಾಗ ನಾನ್ಯಾರ ಮೊಕ ನೋಡ್ಲಿ’ ಅಂದ್ಲು. ಪಂಚೆ ಅಂಚು ಇಡ್ಕೊಂಡಿದ್ದ ವಿಷಯಾನೂ ಏಳ್ಬಿಟ್ಟೆ. ತಡ್ಕೊಳ್ಳಾಕೆ ಆಗ್ಲಿಲ್ಲ.

ಎಸ್ರು ಕೊಡಾಕಿಲ್ಲ. ಎಬ್ಬೆಟ್ಟೂ ಇಲ್ಲ. ಮುತ್ಯಾಲಮ್ಮನ್ನ ಕೇಳೂ ಇಲ್ಲ, ಕೇಳೋದೂ ಇಲ್ಲ. ಅವ್ಳ ಮನೆಯಾಗೆ ಮದ್ವೆಗೆ ಬಂದ ಮಗ್ಳವ್ಳೆ, ನಾಳೆ ಯಾರಾದ್ರೂ ನೋಡಾಕೆ ಬಂದ್ರೆ ಇದೇ ಮಾತು ಎತ್ತಾರೆ. ಒಬ್ಳು ಎಂಗಸು ಅಂದ್ರೆ ನಿಮ್ ಸಭೆಗೆ ಸಾಲದಾ? ನಮ್ಮೂರ ಕಟ್ಟೆ ಮೇಲೆ ಯಜಮಾನ ಮುನಿಸ್ವಾಮಪ್ಪ ನ್ಯಾಯಕ್ಕೆ ಕೂತ್ರೆ ಮೊದ್ಲು ಏನಾಯ್ತಮ್ಮ ಅಂತ ಕೇಳ್ತಾರೆ, ಆಮೇಲೆ ಯಾರು ಏನು ಅಂತ. ನೀವು ಓದಿದೋರು ತಿರುವ್ ಮುರುವು ಮಾಡ್ತೀರ.

ಬೂದಿಕೋಟೆಗೆ ಬರಾಕಿಲ್ಲ. ಮಾನ ಇರೋಳು ದಾರಿ ಬಿಟ್ಟು ಓಗ್ಬೇಕು ಅನ್ನೋದಾದ್ರೆ ನೀನು ಆ ಕೆಂಪು ಕಚೇರಿಯಾಗೆ ಯಾಕ್ ಕೂತಿದ್ದೀಯ? ನನ್ನೆಮ್ಮೆ, ನನ್ನಾಲು, ನನ್ನ ದಾರಿ. ಕೊಡ್ಲಿ ಮಾತು ಇನ್ನೊಂದ್ಸಲ ಬರೀಬ್ಯಾಡ. ಕೊಡ್ಲಿ ಇರೋರು ಈ ತಾಲ್ಲೂಕಿನಾಗೆ ಬೇಕಾದಷ್ಟು ಜನ ಅವ್ರೆ. ಆ ಸಭೆಯಾಗೆ ನಮ್ ಬಾಯಿ ಅಂತ ಇರೋನು ನೀನೊಬ್ನೆ.

ಅಶ್ವತ್ಥಮ್ಮ

•

ಬೆಂಗಳೂರು
೨೦ ಡಿಸೆಂಬರ್ ೧೯೩೪

ಅಕ್ಕಯ್ಯ,

ಪ್ರಶ್ನೆ ಸಭೆಯಲ್ಲಿ ಬಂತು. ಉತ್ತರವನ್ನು ಇದ್ದ ಹಾಗೇ ಬರೆಯುತ್ತೇನೆ: ‘ಅಂತಹ ದೂರು ಯಾವುದೂ ಸರ್ಕಾರದ ಗಮನಕ್ಕೆ ಬಂದಿರುವುದಿಲ್ಲ.’ ಅಷ್ಟೇ. ಮಿಕ್ಕಂತೆ ಸುಸೂತ್ರವಾಗಿ ನಡೆಯಿತು. ನನ್ನ ಹೊಸ ಆಲ್ಪಾಕಾ ಕೋಟನ್ನು ಎಲ್ಲರೂ ಮೆಚ್ಚಿದರು.

ಪ್ರಶ್ನೆಯಿಂದ ಆಗದು, ನಿರ್ಣಯ ಮಂಡಿಸಬೇಕು. ನಿರ್ಣಯಕ್ಕಾದರೆ ಚರ್ಚೆ ಇರುತ್ತದೆ, ಕೊನೆಗೆ ಓಟಿಗೆ ಹಾಕುತ್ತಾರೆ. ತುಂಬ ಜನ ಕೊಟ್ಟಿರುವುದರಿಂದ ಚೀಟಿ ಎತ್ತಿ ಯಾರದು ಮೊದಲು ಅಂತ ತೀರ್ಮಾನಿಸುತ್ತಾರೆ. ನನ್ನ ಚೀಟಿ ಬಂದರೆ ಜನವರಿ ಕೊನೆಗೆ ಚರ್ಚೆ. ಊರಲ್ಲಿ ಯಾರಿಗೂ ಹೇಳಬೇಡ. ಚಳಿ ಜಾಸ್ತಿ ಇದೆ.

ಚಿಕ್ಕಮುನಿಯಪ್ಪ

•

ಕಲ್ಲುಗುಟ್ಟ
೧೬ ಜನವರಿ ೧೯೩೫

ಲೇ ಚಿಕ್ಕಾ,

ಯಾರಿಗೂ ಏಳ್ಬ್ಯಾಡ ಅಂದೆ. ಎಲ್ರಿಗೂ ಏಳ್ದೆ.

ಸಂಕ್ರಾಂತಿ ದಿನ ಎಳ್ಳು ಬೀರಾಕೆ ಓದ ಮನೆಯಾಗೆಲ್ಲ ಇದೇ ಮಾತು. ಮುನಿಸ್ವಾಮಪ್ಪ ನನ್ನ ಕರ್ದು ಜಗಲಿ ಮೇಲೆ ಕೂರ್ಸಿ, ‘ಅಶ್ವತ್ಥಮ್ಮ, ನಮ್ಮೂರಿನ ಎಂಗಸ್ರ ಫಿರ್ಯಾದು ಮಾರಾಜರ ಕಟ್ಟೆ ಏರ್ತು ಅಂದ್ರೆ ನಮ್ಗೆಲ್ಲ ಮರ್ಯಾದೆ’ ಅಂದ್ರು. ಅವ್ರ ಬಾಯಾಗೆ ಒಳ್ಳೆ ಮಾತು ಬರೋದು ವರ್ಸಕ್ಕೊಂದ್ಸಲ, ಈ ವರ್ಸದ್ದು ನಂಗೆ ಸಿಕ್ತು. ರಾಬರ್ಟ್‌ಸನ್‌ಪೇಟೆಯಾಗೆ ಕಾಫಿ ಕ್ಲಬ್ಬು ಇಟ್ಟವ್ನಲ್ಲ ಕುಪ್ಪುಸ್ವಾಮಿ, ಅವ್ನು ಇಂಗ್ಲಿಷ್ ಪೇಪರ್ ಓದ್ತಾನೆ. ನಿನ್ ಎಸ್ರು ಬಂದ ದಿನ ಓದಿ ಏಳ್ತೀನಮ್ಮ ಅಂದವ್ನೆ. ನಾನೂ ಮುತ್ಯಾಲಮ್ಮನೂ ದಿನಾ ಆಲು ಕೊಟ್ಟು ಬಂದು ಅವ್ನ ಬಾಗ್ಲಾಗೆ ನಿಂತ್ಕೊಳ್ತೀವಿ.

ಜಮಾದಾರಂಗೂ ಸುದ್ದಿ ಮುಟ್ಟೈತೆ. ‘ನಿನ್ ತಮ್ಮ ಕೇಳ್ಲಿ ನೋಡಾನ’ ಅಂತ ಮೀಸೆ ಮೇಲೆ ಕೈ ಆಡಿಸ್ದ. ನೋಡ್ವಂತೆ ತಡಿಯಪ್ಪ ಅಂದೆ.

ಕೋಟು ಬಿಡು. ಮಾತು ಎಂಗಾಡ್ದೆ ಅಂತ ಬರಿ.

ಅಕ್ಕ

•

ಕಲ್ಲುಗುಟ್ಟ
೭ ಫೆಬ್ರವರಿ ೧೯೩೫

ಮಾನ್ಯ ಸದಸ್ಯರಾದ ಚಿಕ್ಕಮುನಿಯಪ್ಪನವರಿಗೆ ಅಶ್ವತ್ಥಮ್ಮ ಮಾಡುವ ನಮಸ್ಕಾರ.

ತಾವು ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ತಮ್ಮ ಕೋಟೂ ಆರೋಗ್ಯವಾಗಿರಬಹುದು.

ಮೊನ್ನೆ ಕುಪ್ಪುಸ್ವಾಮಿ ಪೇಪರ್ ಓದಿದರು. ತಮ್ಮ ಹೆಸರು ಬಂದೈತೆ ಅಂತ ಅವರೇ ಕೂಗಿ ಕರೆದರು. ಅಂಗಡಿಯಾಗೆ ಇದ್ದೋರೆಲ್ಲ ಲೋಟ ಕೆಳಗಿಟ್ಟು ಕೇಳ್ತಾ ಇದ್ರು. ಓದ್ತಾ ಓದ್ತಾ ನಿಲ್ಲಿಸಿಬಿಟ್ರು. ಏನಣ್ಣ ಅಂದೆ. ‘ಅಮ್ಮಾ, ಉಂಗ ತಂಬಿ ವಾಪಸ್ ವಾಂಗಿಟ್ಟಾರ್’ 
ಅಂದ್ರು. ತಮ್ಮ ನಿರ್ಣಯವನ್ನು ತಾವೇ ವಾಪಸ್ ತಗೊಂಡ್ರಂತೆ. ಪೇಪರಿನಾಗೆ ಅದ್ರ ಮೇಲೆ ಒಂದು ಮಾತಿಲ್ಲ. ಎಲ್ರೂ ನನ್ನ ಮೊಕ ನೋಡಿದ್ರು. ನಾನು ತಪ್ಪಲೆ ನೋಡ್ಕೊಂಡು ನಿಂತಿದ್ದೆ.

ತಮಗೆ ಮರೆತಿರಬಹುದು. ನಮ್ಮ ಕಡೆ ಕಟ್ಟೆ ಮೇಲೆ ಫಿರ್ಯಾದು ಇಟ್ಟು ವಾಪಸ್ ತಗೊಂಡೋರು ಸುಳ್ಳು ಫಿರ್ಯಾದು ಇಟ್ಟಂಗೆ ಲೆಕ್ಕ. ಎದುರು ಕಡೆಯೋರ ಕೈಗೆ ನಾಲ್ಕು ಜನದ ಮುಂದೆ ಎಲೆ ಅಡಿಕೆ ಕೊಟ್ಟು ತಪ್ಪಾಯ್ತು ಅನ್ನಬೇಕು. ತಾವು ಬೆಂಗಳೂರಿನಲ್ಲಿದ್ದೀರಿ. ಆದ್ದರಿಂದ ಅಕ್ಕ ಕೊಡಲಿ ಅಂತ ಮುನಿಸ್ವಾಮಪ್ಪನವರು ಹೇಳಿದ್ದಾರೆ. ಬರೋ ಸೋಮವಾರ ಜಮಾದಾರ ಕಟ್ಟೆಗೆ ಬತ್ತಾನೆ. ಆ ಕೈಗೆ ನಾನು ಎಲೆ ಅಡಿಕೆ ಇಡ್ಬೇಕು. ಆ ಕೈಗೆ.

ಬೈಯೋದಾದ್ರೆ ಬೈತಿದ್ದೆ. ತಮ್ಮನ್ನು ಬೈಯೋ ಅಷ್ಟು ಹತ್ತಿರದೋಳು ನಾನಲ್ಲ ಅಂತ ಗೊತ್ತಾಯ್ತು. ಊರಿಗೆ ಬರೋ ಶ್ರಮ ತೆಗೆದುಕೊಳ್ಳಬೇಡಿ.

ಇತಿ
ಅಶ್ವತ್ಥಮ್ಮ

•

ಬೆಂಗಳೂರು
೯ ಫೆಬ್ರವರಿ ೧೯೩೫

ಅಕ್ಕಯ್ಯ, ಅಕ್ಕಯ್ಯ,

ನಾಯಿ ಅನ್ನು, ಕತ್ತೆ ಅನ್ನು, ‘ತಾವು’ ಅನ್ನಬೇಡ. ಆ ಒಂದು ಮಾತು ಓದಿ ಊಟದ ಎಲೆ ಮುಂದಿನಿಂದ ಎದ್ದುಬಿಟ್ಟೆ. ಈ ಕಾಗದ ಸೋಮವಾರದೊಳಗೆ ನಿನ್ನ ಕೈ ಸೇರಲಿ ಅಂತ ಸ್ಟೇಷನ್ನಿಗೇ ಹೋಗಿ ಹಾಕುತ್ತೇನೆ. ಎಲೆ ಅಡಿಕೆ ಕೊಡಬೇಡ! ನಾವು ಸೋತಿಲ್ಲ. ಗೆದ್ದಿದ್ದೇವೆ.

ನಮ್ಮ ಸಭೆಯಲ್ಲಿ ವಾಪಸ್ ತೆಗೆದುಕೊಳ್ಳುವುದು ಅಂದರೆ ಊರ ಕಟ್ಟೆಯ ಹಾಗಲ್ಲ. ಸರ್ಕಾರದ ಕಡೆಯವರು ಎದ್ದು, ನೀವು ಕೇಳಿದ್ದನ್ನು ಮಾಡುತ್ತೇವೆ ಅಂತ ಎಲ್ಲರೆದುರು ಮಾತು ಕೊಟ್ಟರೆ, ಮಂಡಿಸಿದವನು ಆ ಮಾತನ್ನು ನಂಬಿ ನಿರ್ಣಯ ವಾಪಸ್ ತೆಗೆದುಕೊಳ್ಳುತ್ತಾನೆ. ಅದು ಇಲ್ಲಿಯ ಮರ್ಯಾದೆ. ಓಟಿಗೇ ಹಾಕಿ ಅಂತ ಹಟ ಹಿಡಿದಿದ್ದರೆ ಸರ್ಕಾರ ನೇಮಿಸಿದವರೆಲ್ಲ ಒಟ್ಟಾಗಿ ಕೈಯೆತ್ತಿ ಸೋಲಿಸುತ್ತಿದ್ದರು, ಕೊಟ್ಟ ಮಾತೂ ಅಲ್ಲಿಗೆ ಮುಗಿಯುತ್ತಿತ್ತು. ಕೊಟ್ಟ ಮಾತು ಇದು: ಹೆಂಗಸರನ್ನು ಹೆಂಗಸೇ ಶೋಧಿಸಬೇಕು, ಗೋಡೆ ಕಟ್ಟಿದ ಮರೆಯೊಳಗೆ. ಯುಗಾದಿ ಹೊತ್ತಿಗೆ ಜಾರಿಗೆ ಬರಬೇಕು. ಆ ಪೇಪರಿನವನು ಅದೊಂದನ್ನೇ ಬಿಟ್ಟಿದ್ದಾನೆ, ಅವನ ಮನೆ ಹಾಳಾಗ.

ಆದರೆ ಇದನ್ನು ನಿನಗೆ ಅವತ್ತೇ ಬರೆಯಬೇಕಿತ್ತು. ಯಾಕೆ ಬರೆಯಲಿಲ್ಲ ಅಂತ ಹೇಳುತ್ತೇನೆ, ಓದಿದ ಮೇಲೆ ಏನು ಬೇಕಾದರೂ ಅನ್ನು.

ಡಿಸೆಂಬರ್‌ನಲ್ಲಿ ಸುಸೂತ್ರವಾಗಿ ನಡೆಯಿತು ಅಂತ ಬರೆದಿದ್ದೆ. ಹಾಗೇನೂ ನಡೆಯಲಿಲ್ಲ. ಉಪಪ್ರಶ್ನೆ ಹಾಕಲು ಎದ್ದೆ. ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿಕೊಂಡಿದ್ದ ಮಾತು ಮರೆತುಹೋಯಿತು. ಅಧ್ಯಕ್ಷರು ಕಾದರು. ನಾನು ಕೋಟಿನ ಗುಂಡಿ ಹಾಕಿಕೊಂಡು ಕೂತುಬಿಟ್ಟೆ. ಜನ ನಕ್ಕರು. ಅದಕ್ಕೇ ಈ ಸಲ ಇಂಗ್ಲಿಷಿನ ಸಹವಾಸವೇ ಬೇಡ ಅಂತ ಕನ್ನಡದಲ್ಲಿ ಶುರು ಮಾಡಿದೆ. ಬೂದಿಕೋಟೆ ಕನ್ನಡವೇ ಬಂತು, ಬರಲಿ ಅಂತ ಬಿಟ್ಟೆ. ಬೆಳಗಿನ ಹಾಲು, ಗೇಟು, ಸಾಲು, ಬೀಡಿ ಸೇದುತ್ತ ನಗುವ ಗಂಡಸರು, ಎಲ್ಲ ಹೇಳಿದೆ. ಈ ಸಲ ಒಬ್ಬರೂ ನಗಲಿಲ್ಲ.

ಗಣಿಗಳ ಪರವಾಗಿ ನೇಮಕವಾದ ಒಬ್ಬ ದೊರೆ ಇದ್ದಾರೆ. ಅವರು ಎದ್ದರು. ‘ಮಾನ್ಯ ಸದಸ್ಯರು ಕೇಳಿದ ಮಾತನ್ನು ಹೇಳುತ್ತಿದ್ದಾರೆ. ಎರಡು ತಿಂಗಳಿಂದ ಒಂದು ಹೆಸರೂ ಬಂದಿಲ್ಲ. ಒಬ್ಬಳ ಹೆಸರು ಹೇಳಲಿ, ನಾನು ಒಪ್ಪುತ್ತೇನೆ’ ಅಂದರು. ವಕೀಲ ಸದಸ್ಯರು ನನ್ನ ಕಿವಿಯಲ್ಲಿ ಕನ್ನಡ ಮಾಡಿ ಹೇಳಿದರು. ಅಧ್ಯಕ್ಷರು ನನ್ನ ಕಡೆ ನೋಡಿದರು. ಮುತ್ಯಾಲಮ್ಮನ ಹೆಸರು ನಾಲಿಗೆ ತುದಿಗೆ ಬಂತು, ಅವಳ ಮಗಳು ನೆನಪಾದಳು, ನುಂಗಿದೆ. ಸುಮ್ಮನೆ ಕೂತರೆ ಎಲ್ಲ ಅಲ್ಲಿಗೇ ಮುಗಿಯಿತು. ಆಗ ನನ್ನ ಬಾಯಿಂದ ಬಂದಿದ್ದು ‘ಅಶ್ವತ್ಥಮ್ಮ. ನನ್ನ ಒಡಹುಟ್ಟಿದ ಅಕ್ಕ’ ಅಂತ.

ಮೈಸೂರಿನ ಹಿರಿಯ ಸದಸ್ಯರೊಬ್ಬರು ಎದ್ದರು. ನಾನು ಏನು ಮಾತಾಡಿದರೂ ತಪ್ಪು ಹುಡುಕುವ ಮುದುಕರು. ‘ಅಂತಹ ದೂರು ಗಮನಕ್ಕೆ ಬಂದಿಲ್ಲ ಎಂದು ಸರ್ಕಾರ ಡಿಸೆಂಬರ್‌ನಲ್ಲಿ ಹೇಳಿತ್ತು. ಈಗ ಬಂದಿದೆ. ಮುಂದೇನು?’ ಅಂದು ಕೂತರು. ಆಮೇಲೆ ಒಬ್ಬರ ಹಿಂದೆ ಒಬ್ಬರು ಎದ್ದರು. ಆ ದೊರೆಯೂ ಮತ್ತೆ ಎದ್ದು, ಹೆಸರು ಬಂತು, ನಾನು ಒಪ್ಪಿದ್ದೇನೆ ಅಂದರು. ಅವರ ಮಾತಿಗೆ ಅವರು ನಿಂತರು, ಅದನ್ನು ಹೇಳಲೇಬೇಕು.

ಅಕ್ಕಯ್ಯ, ಆಗದೇ ಇದ್ದದ್ದನ್ನು ಆಗಿದೆ ಅಂತ ಆ ಸಭೆಯಲ್ಲಿ ಹೇಳಿದೆ. ಅದೂ ನಿನ್ನ ಹೆಸರಿನಲ್ಲಿ. ನಿನ್ನ ಮೈ ಯಾರೂ ಮುಟ್ಟಿರದಿದ್ದರೂ ಐವತ್ತು ಗಂಡಸರ ನಡುವೆ ನಿನ್ನ ಹೆಸರು ಎಳೆದು ತಂದೆ. ನಾಚಿಕೆಯಾಗಿ ಬರೆಯಲಾಗಲಿಲ್ಲ. ನೀನು ಊರಿಗೆ ಬರಬೇಡ ಅಂದರೆ ಬರುವುದಿಲ್ಲ. ಎಲೆ ಅಡಿಕೆ ಮಾತ್ರ ಕೊಡಬೇಡ.

ಚಿಕ್ಕ

•

ಕಲ್ಲುಗುಟ್ಟ
೧೨ ಫೆಬ್ರವರಿ ೧೯೩೫

ಲೇ ಚಿಕ್ಕಾ, ನನ್ನಪ್ಪಾ,

ನಿನ್ ಕಾಗ್ದ ಇವತ್ತು ಮಧ್ಯಾನ ಬಂತು. ಕಟ್ಟೆ ನೆನ್ನೆನೇ ಮುಗ್ದೋಯ್ತು.

ಮೊದ್ಲು ಇದನ್ನ ತಿಳ್ಕೊ. ನೀನು ಸುಳ್ಳು ಏಳಿಲ್ಲ ಕಣ್ಲಾ. ಮುತ್ಯಾಲಮ್ಮನ ನೆರಿಗೆ ಯಾರೂ ಎಳೀಲಿಲ್ಲ. ಎಳ್ದಿದ್ದು ನನ್ದು. ಅವ್ಳು ನನ್ನ ಮುಂದೆ ಅಡ್ಡ ನಿಂತ್ಕೊಂಡು ತನ್ನ ಸೆರಗು ನಂಗೆ ಸುತ್ತಿದ್ಲು. ಅವ್ಳನ್ನ ಕೇಳ್ದೆ ಅವ್ಳ ಎಸ್ರು ಬರ್ದಿದ್ದೆ, ಈಗ ಏಳ್ದೆ. ‘ಬರ್ಕೊಳ್ಳೆ ಅಕ್ಕಯ್ಯ, ಎಸ್ರೇನು ಸವ್ದೋಯ್ತದಾ’ ಅಂದ್ಲು. ಎಂಥೋಳು ನೋಡು.

ನನ್ದೇ ಅಂತ ಬರ್ದಿದ್ರೆ ನೀನು ಕೊಡ್ಲಿ ತಗೊಂಡು ಬತ್ತಿದ್ದೆ. ನೀನೇ ಬರ್ದಿದ್ಯಲ್ಲ. ನೀನು ಜೈಲಿಗೆ ಓಗ್ತಿದ್ದೆ, ಜಮಾದಾರ ಸತ್ರೆ ಇನ್ನೊಬ್ಬ ಜಮಾದಾರ ಬತ್ತಿದ್ದ, ಗೇಟು ಅಂಗೇ ಇರ್ತಿತ್ತು. ಇಲ್ದಿದ್ರೆ ಎಮ್ಮೆ ಮಾರಿಸಿ ನನ್ನ ಬೂದಿಕೋಟೆಗೆ ಎಳ್ಕೊಂಡು ಓಗ್ತಿದ್ದೆ. ನಂಗೆ ಎರ್ಡೂ ಬೇಕಾಗಿರ್ಲಿಲ್ಲ. ನೀನು ಅಲ್ಲಿ ನಿಂತ್ಕೊಂಡು ಮಾತಾಡ್ಬೇಕು, ಅದೊಂದೇ ಬೇಕಾಗಿತ್ತು.

ಈಗ ಕಟ್ಟೆ ಸುದ್ದಿ. ತಟ್ಟೆಯಾಗೆ ಎಲೆ ಅಡಿಕೆ ಇಟ್ಕೊಂಡೇ ಓದೆ. ಊರಿನ ಗಂಡಸ್ರೆಲ್ಲ ಬಂದಿದ್ರು, ಎಂಗಸ್ರು ಇಂದೆ ನಿಂತಿದ್ರು. ಜಮಾದಾರ ಒಗೆದ ಪೇಟ ಸುತ್ಕೊಂಡು ಮದ್ವೆಗೆ ಬಂದಂಗೆ ಬಂದಿದ್ದ. ಮುನಿಸ್ವಾಮಪ್ಪ ‘ಕೊಡಮ್ಮ’ ಅಂದ್ರು. ಕೊಡ್ಲಿಲ್ಲ. ತಟ್ಟೆ ಕೆಳಗಿಟ್ಟೆ. ‘ಯಜಮಾನ್ರೇ, ನನ್ ತಮ್ಮ ಅವ್ನ ಫಿರ್ಯಾದು ವಾಪಸ್ ತಗೊಂಡವ್ನೆ. ಯಾಕೋ ಏನೋ ಅವ್ನಿಗೇ ಗೊತ್ತು. ನನ್ ಫಿರ್ಯಾದು ನಾನಿನ್ನೂ ಇಟ್ಟೇ ಇಲ್ಲ. ಈಗ ಇಡ್ತೀನಿ’ ಅಂದೆ.

ಅಂದು, ಎಲ್ಲಾ ಏಳ್ದೆ. ಒಂದೇ ಒಂದು ಮಾತು ಬಿಡ್ಲಿಲ್ಲ, ಎಲ್ಲಿಗೆ ಕೈ ಆಕ್ದ, ಯಾರ್ಯಾರು ನಕ್ರು, ನಕ್ಕೋರಾಗೆ ಇಬ್ರು ಅಲ್ಲೇ ಕಟ್ಟೆ ಕೆಳಗೆ ಕೂತಿದ್ರು, ಅವ್ರ ಎಸ್ರೂ ಏಳ್ದೆ. ಅಧ್ಯಕ್ಷರ ಮೊಕ ನೋಡ್ಕೊಂಡು ಏಳೋ ಪದ್ಧತಿ ನಂಗೆ ಬರಾಕಿಲ್ಲ. ಆ ಜಮಾದಾರನ ಮೊಕಾನೇ ನೋಡ್ಕೊಂಡು ಏಳ್ದೆ.

ಆಮೇಲೆ ಎಂಗಸ್ರ ಸಾಲಿನಾಗಿಂದ ಮುತ್ಯಾಲಮ್ಮ ‘ನಾನು ಕಣ್ಣಾರೆ ಕಂಡಿದ್ದೀನಿ’ ಅಂದ್ಲು. ಪೆದ್ದಮ್ಮ, ಬೊಚ್ಚುಬಾಯಿ ಮುದುಕಿ, ಬಾಯಿ ತೆರೆದು ಮಾತಾಡೋಳೇ ಅಲ್ಲ, ಅವ್ಳು ಕೋಲು ಊರ್ಕೊಂಡು ಮುಂದಕ್ಕೆ ಬಂದು ‘ನನ್ ತುರುಬು ಬಿಚ್ಚಿದ್ನಪ್ಪ ಇವ್ನು, ಈ ನರೆ ಕೂದ್ಲಾಗೆ ಚಿನ್ನ ಐತಾ ಅಂತ’ ಅಂದ್ಲು. ಜಮಾದಾರ ಪೇಟ ಸರಿ ಮಾಡ್ಕೊಂಡು ಓಗಾಕೆ ಎದ್ದ. ಮುನಿಸ್ವಾಮಪ್ಪ ‘ಕೂತ್ಕೊಳಯ್ಯಾ’ ಅಂದ್ರು, ಕೂತ್ಕೊಳ್ಳಿಲ್ಲ, ಓಗೇಬಿಟ್ಟ. ಆಮೇಲೆ ಯಜಮಾನ್ರು ಎದ್ದು, ಆ ತಟ್ಟೆ ಎತ್ಕೊಂಡು, ನನ್ ಕೈಗೆ ಇಟ್ರು. ‘ಇದು ನಿಂಗೆ ಬರ್ಬೇಕಾದ್ದು ತಾಯಿ. ಕೊಡ್ಬೇಕಾದೋನು ಓಡೋದ. ಊರಿನ ಪರವಾಗಿ ನಾನೇ ಕೊಡ್ತೀನಿ, ತಪ್ಪಾಯ್ತು’ ಅಂದ್ರು. ನಾಲ್ಕು ಜನದ ಮುಂದೆ ಅಂದ್ರು ಚಿಕ್ಕಾ!

ನೀನು ಅಲ್ಲಿ ನನ್ನೆಸ್ರು ಏಳಿದ್ದೀಯ ಅಂತ ನಂಗೆ ಗೊತ್ತಿರ್ಲಿಲ್ಲ. ನಾನಿಲ್ಲಿ ಏಳ್ತೀನಿ ಅಂತ ನಿಂಗೂ ಗೊತ್ತಿರ್ಲಿಲ್ಲ. ಅಪ್ಪ ಇದ್ದಿದ್ರೆ ಇಬ್ರಿಗೂ ಒಂದೊಂದು ಏಟು ಕೊಟ್ಟು, ಆಮೇಲೆ ಬೂದಿಕೋಟೆಯಿಂದ ಬಂಗಾರಪೇಟೆ ಗಂಟ ಏಳ್ಕೊಂಡು ತಿರುಗ್ತಿದ್ದ. ನಂಗಂತೂ ನಿನ್ನ ಎತ್ತಿ ಆಡ್ಸಿದ ಈ ಸೊಂಟ ಇವತ್ತು ನೆಟ್ಟಗಾಗೈತೆ.

ಕೊಡ್ಲಿ ಮುಟ್ಟೀಯ, ಜೋಕೆ. ತಾವು ಅಂತ ಇನ್ನೊಂದ್ಸಲ ಅನ್ನಾಕಿಲ್ಲ.

ಅಕ್ಕ

•

ಬೆಂಗಳೂರು
೩೦ ಮಾರ್ಚ್ ೧೯೩೫

ಅಕ್ಕಯ್ಯ,

ಇಷ್ಟು ದಿನ ಬರೆಯಲಿಲ್ಲ ಅಂತ ಬೈದುಕೊಂಡಿರುತ್ತೀಯ. ಬರೆಯಲು ಕೂತಾಗಲೆಲ್ಲ ಒಂದೆರಡು ಸಾಲಿಗೇ ಹರಿದು ಹಾಕುತ್ತಿದ್ದೆ.

ನಿನ್ನ ಕಾಗದ ಬಂದ ಮಾರನೇ ದಿನ ನಾನು ಬಂಗಾರಪೇಟೆಗೆ ಬಂದು ಗಣಿ ರೈಲು ಹತ್ತಿದೆ. ನಿನ್ನ ಮನೆಗೆ ಬರಲಿಲ್ಲ. ಗೇಟಿನ ಎದುರು ಹುಣಸೆಮರದ ಕೆಳಗೆ ನಿಂತೆ. ಅವನನ್ನು ನೋಡಿದೆ. ಕೊಡಲಿ ತಂದಿರಲಿಲ್ಲ, ಆದರೆ ಅಲ್ಲೇ ಕಲ್ಲು ಬೇಕಾದಷ್ಟು ಬಿದ್ದಿದ್ದವು. ಒಂದನ್ನು ಎತ್ತಿಕೊಂಡೂ ಇದ್ದೆ. ನಮ್ಮ ಬಾಯಿ ಅಂತ ಇರುವವನು ನೀನೊಬ್ಬನೇ ಅಂತ ನೀನು ಬರೆದಿದ್ದೆಯಲ್ಲ. ಕಲ್ಲು ಬಿಟ್ಟು ಮುಂದಿನ ರೈಲಿಗೆ ವಾಪಸ್ ಬಂದೆ. ಈ ವಾಪಸ್ ಬರುವುದು ಆ ನಿರ್ಣಯ ವಾಪಸ್ ತೆಗೆದುಕೊಂಡದ್ದಕ್ಕಿಂತ ಕಷ್ಟವಾಯಿತು. ನಿಜ ಮೊದಲೇ ತಿಳಿದಿದ್ದರೆ ಆ ದಿನ ಸಭೆಯಲ್ಲಿ ನನ್ನ ಬಾಯಿಂದ ಒಂದು ಮಾತೂ ಹೊರಡುತ್ತಿರಲಿಲ್ಲ. ನೀನು ಮುಚ್ಚಿಟ್ಟಿದ್ದೇ ಸರಿ. ಎಲ್ಲರೂ ನನ್ನನ್ನು ಮೆಂಬರ್ ಅನ್ನುತ್ತಾರೆ. ಆ ಕಟ್ಟೆಯ ಮೇಲೆ ಒಬ್ಬಳೇ ನಿಂತು ಅಷ್ಟು ಮಾತು ಹೇಳಲು ನನ್ನಿಂದ ಈ ಜನ್ಮದಲ್ಲಿ ಆಗುತ್ತಿರಲಿಲ್ಲ. ನಾನು ಅಶ್ವತ್ಥಮ್ಮನ ತಮ್ಮ, ಅದಕ್ಕಿಂತ ದೊಡ್ಡ ಬಿರುದು ನನಗೆ ಬೇಕಾಗಿಲ್ಲ.

ಹುಕುಂ ಆಗಿದೆ. ನನ್ನ ಕಣ್ಣಿನಿಂದಲೇ ನೋಡಿದೆ. ಯುಗಾದಿ ಕಳೆದ ಮೇಲೆ ಗೇಟಿನಲ್ಲಿ ಹೆಂಗಸನ್ನು ನೇಮಿಸುತ್ತಾರೆ.

ಒಂದು ವಿಷಯಕ್ಕೆ ಮಾತ್ರ ಹೊಟ್ಟೆ ಉರಿಯುತ್ತಿದೆ. ಸಭೆಯ ನಡವಳಿಯ ಪುಸ್ತಕ ಅಚ್ಚಾಗಿ ಬಂತು. ನಾನು ಅರ್ಧ ಗಂಟೆ ಆಡಿದ್ದು ಇಂಗ್ಲಿಷಿನಲ್ಲಿ ಮೂರು ಸಾಲಾಗಿದೆ. ‘ಮಾನ್ಯ ಸದಸ್ಯರು ಕನ್ನಡದಲ್ಲಿ ಮಾತನಾಡಿ, ಒಬ್ಬ ಹೆಂಗಸಿನ ವಿಷಯ ಪ್ರಸ್ತಾಪಿಸಿ, ನಿರ್ಣಯವನ್ನು ವಾಪಸ್ ಪಡೆದರು.’ ಒಬ್ಬ ಹೆಂಗಸು! ಹೆಸರು ಹೇಳು ಹೆಸರು ಹೇಳು ಅಂತ ಪ್ರಾಣ ತಿಂದವರು ಹೇಳಿದ ಮೇಲೆ ಬರೆದುಕೊಳ್ಳಲೇ ಇಲ್ಲ. ವಕೀಲ ಸದಸ್ಯರನ್ನು ಕರೆದುಕೊಂಡು ಹೋಗಿ ಕೇಳಿದೆ. ಅಚ್ಚಾಗಿಹೋಗಿದೆ, ಇನ್ನು ತಿದ್ದಲಾಗದು ಅಂದರು.

ನಿನ್ನ ತಮ್ಮ
ಚಿಕ್ಕ

•

ಕಲ್ಲುಗುಟ್ಟ
೧೩ ಏಪ್ರಿಲ್ ೧೯೩೫

ಲೇ ಚಿಕ್ಕಾ,

ಉಣಸೆಮರದ ಗಂಟ ಬಂದೋನು ಮನೆಗೆ ಬಂದು ಒಂದು ಮುದ್ದೆ ಉಣ್ಣದಂಗೆ ಓದ್ಯಾ? ಅದಕ್ಕೆ ಬೇರೆ ಬೈಗಳ ಐತೆ, ಎದ್ರಿಗೆ ಸಿಕ್ಕಾಗ ಕೊಡ್ತೀನಿ.

ಗೇಟಿನ ಪಕ್ಕದಾಗೆ ಗೋಡೆ ಎದ್ದೈತೆ. ತಲೆ ಮೇಲಕ್ಕೂ ಎತ್ರ. ಒಳಗೆ ಮಾರಿಯಮ್ಮ ಅಂತ ಒಬ್ಳನ್ನ ನೇಮ್ಸವ್ರೆ, ಲೈನಿನ ತಮಿಳೋಳು, ಗಂಡನ್ನ ಗಣಿಯಾಗೆ ಕಳ್ಕೊಂಡೋಳು. ಮೊದ್ಲು ಕೈ ತೊಳ್ಕೊಂಡು, ಸೆರಗಿಗೆ ಒರ್ಸ್ಕೊಂಡು, ‘ಮನ್ನಿಚ್ಚುಕ್ಕೋಮ್ಮಾ’ ಅಂತ ಕ್ಷಮಾಪಣೆ ಕೇಳಿ ಆಮೇಲೆ ಮುಟ್ತಾಳೆ. ಜಮಾದಾರ ಬೀದಿ ಆಚೆ ನಿಂತ್ಕೋಬೇಕು, ಗೋಡೆ ಅತ್ರ ಸುಳಿಯೋ ಅಂಗಿಲ್ಲ. ನೆನ್ನೆ ಮೊದಲ್ನೇ ದಿನ. ಎಲ್ರೂ ಒಗೆದ ಸೀರೆ ಉಟ್ಕೊಂಡು ಓಗಿದ್ವಿ, ಅಬ್ಬಕ್ಕೆ ಓದಂಗೆ. ಪೆದ್ದಮ್ಮ ನರೆ ತುರುಬಿಗೆ ಕನಕಾಂಬರ ಮುಡ್ಕೊಂಡಿದ್ಲು.

ಗೋಡೆ ಬಾಗ್ಲಾಗೆ ಒಬ್ಬ ರೈಟರು ಕುರ್ಚಿ ಆಕ್ಕೊಂಡು ಕೂತವ್ನೆ. ಒಳಗೆ ಓಗೋರ ಎಸ್ರು ಬರ್ಕೋಬೇಕಂತೆ, ಯಾರ ಎಂಡ್ತಿ, ಯಾರ ಮಗ್ಳು ಅಂತ. ಮೊದ್ಲು ನಾನೇ ಇದ್ದೆ. ಎಸ್ರು ಏಳ್ದೆ. ಯಾರ ಕಡೆಯೋಳು ಅಂದ. ಸತ್ತೋದ ಗಂಡನ ಎಸ್ರು ಏಳ್ಬೇಕಾಗಿತ್ತು, ಸ್ವಾಮಿ ಕ್ಷಮಿಸ್ಲಿ, ಬಾಯಿಗೆ ಬರ್ಲಿಲ್ಲ. ‘ಕೌನ್ಸಿಲ್ ಚಿಕ್ಕಮುನಿಯಪ್ಪನ ಅಕ್ಕ’ ಅಂದೆ. ಅವ್ನು ತಲೆಯೆತ್ತಿ ನೋಡಿ, ಬರ್ಕೊಂಡ.

ನನ್ನಿಂದೆ ಮುತ್ಯಾಲಮ್ಮ. ಎಸ್ರು ಏಳಿದ್ಲು. ಯಾರ ಕಡೆಯೋಳು? ‘ಕೌನ್ಸಿಲ್ ಚಿಕ್ಕಮುನಿಯಪ್ಪನ ಅಕ್ಕ’ ಅಂದ್ಲು. ಗಂಡ ಗಟ್ಟಿಮುಟ್ಟಾಗವ್ನೆ, ಬದುಕವ್ನೆ, ಆದ್ರೂ ಅಂದ್ಲು. ಅವ್ಳಿಂದೆ ಪೆದ್ದಮ್ಮ, ನಮ್ಮಮ್ಮನಿಗಿಂತ ದೊಡ್ಡೋಳು, ಅವ್ಳೂ ಅದೇ ಅಂದ್ಲು. ರೈಟರು ‘ಏನಜ್ಜಿ ತಮಾಷೆನಾ’ ಅಂದ. ‘ಬರ್ಕೊಳಯ್ಯಾ’ ಅಂತ ಕೋಲು ಕುಟ್ಟಿದ್ಲು. ಆಮೇಲೆ ಇಡೀ ಸಾಲೇ ಅಂಗೆ. ಮೊನ್ನೆ ಮೈನೆರೆದ ಉಡುಗಿಯಿಂದ ಇಡ್ದು ಎಲ್ರೂ ನಿನ್ ಅಕ್ಕಂದ್ರೇ. ಒಳಗಿನಿಂದ ಮಾರಿಯಮ್ಮ ಕೇಳಿಸ್ಕೊಂಡು ನಕ್ಕಂಡು, ತಾನೂ ಅಂಗೇ ಬರೆಸ್ಕೊಳ್ಳೋದಾ ಅಂತ ಕೇಳಿದ್ಲು. ರೈಟರು ಬೆವ್ರು ಒರ್ಸ್ಕೊಂಡು ಪುಟ ತುಂಬ ಬರ್ಕೊಂಡ ಕಣ್ಲಾ, ಒಂದೂ ಬಿಡ್ದೆ.

ಅವ್ರ ಪುಸ್ತಕದಾಗೆ ನನ್ನೆಸ್ರು ಇಲ್ಲ ಅಂತ ಒಟ್ಟೆ ಉರ್ಕೊಂಡು ಕೂತ್ಕೋಬ್ಯಾಡ. ಜೂನಿನಾಗೆ ಮತ್ತೆ ಸಭೆ ಐತಲ್ಲ, ಓಗು, ನೆಟ್ಟಗೆ ನಿಂತ್ಕೊ. ಇನ್ನೊಂದ್ಸಲ ಯಾರಾದ್ರೂ ಎದ್ದು ಒಬ್ಳ ಎಸ್ರು ಏಳಪ್ಪ ನೋಡಾನ ಅಂದ್ರೆ, ಯಾವ ಅಕ್ಕಂದು ಬೇಕು ಸ್ವಾಮಿ ಅಂತ ಕೇಳು.

ಎಲ್ರಿಗಿಂತ ಮೊದ್ಲನೇ ಅಕ್ಕ
ಅಶ್ವತ್ಥಮ್ಮ